ಕರ್ಲಿಂಗ್ ತಂಡಗಳ ರ‍್ಯಾಂಕಿಂಗ್ ಹೇಗೆ ನಡೆಯುತ್ತದೆ? ನಮ್ಮ ಕ್ಲಬ್ ಹಾಕಿಗೆ ಅದರಿಂದ ಏನಾದರೂ ಸಿಗುತ್ತದೆಯೇ?

ಗೋಣಿಕೊಪ್ಪಲು ಸೆಂಟರ್ ಹಾಫ್

ಫೆಬ್ರುವರಿಯಲ್ಲಿ ಮಿಲಾನೊ–ಕೊರ್ಟಿನಾ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ನಮ್ಮ ಮನೆಯವರೆಲ್ಲ ಕೂತು ಕರ್ಲಿಂಗ್ ನೋಡಿದೆವು. ಸುಮಾರು 20 ಕಿಲೊ ತೂಕದ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸುತ್ತಾರೆ, ಇಬ್ಬರು ಅದರ ಮುಂದೆ ಬ್ರಷ್ ಉಜ್ಜುತ್ತಾ ಓಡುತ್ತಾರೆ, ಕೊನೆಯ ಕಲ್ಲು ನಿಲ್ಲುವವರೆಗೆ ಗೆಲುವು ಯಾರದೆಂದು ಹೇಳಲಾಗುವುದಿಲ್ಲ. ಆಟ ಬಹಳ ಹಿಡಿಸಿತು. ಅದಕ್ಕಿಂತ ಹೆಚ್ಚಾಗಿ ತಲೆಯಲ್ಲಿ ಉಳಿದದ್ದು ಇನ್ನೊಂದು ಸಂಗತಿ. ಕೆನಡಾದಲ್ಲಿ ಆಯ್ಕೆ ಸಮಿತಿ ಕೂತು ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸುವುದಿಲ್ಲವಂತೆ. ನಾಲ್ವರು ತಾವೇ ಕೂಡಿ ತಂಡ ಕಟ್ಟುತ್ತಾರೆ, ವರ್ಷವಿಡೀ ಆಡಿ ಅಂಕ ಗಳಿಸುತ್ತಾರೆ, ಟ್ರಯಲ್ಸ್ (ಒಲಿಂಪಿಕ್ಸ್ ತಂಡವನ್ನು ನಿರ್ಧರಿಸುವ ದೇಶದೊಳಗಿನ ಟೂರ್ನಿ) ಗೆದ್ದರೆ ಆ ತಂಡವೇ ಇಡಿಯಾಗಿ ದೇಶದ ತಂಡವಾಗುತ್ತದೆ.

ಇದನ್ನು ಇಲ್ಲಿ ಕೇಳುವುದಕ್ಕೆ ಕಾರಣವಿದೆ. ನಮ್ಮ ಭಾಗದ ಕ್ಲಬ್ ಹಾಕಿ ಟೂರ್ನಿಯನ್ನು ನಡೆಸುವವರಲ್ಲಿ ನಾನೂ ಒಬ್ಬ. (ಕೊಡವ ಕುಟುಂಬಗಳ ಹಾಕಿ ಹಬ್ಬದ ಮಾತಲ್ಲ, ದಯವಿಟ್ಟು ಅದನ್ನು ಇದರೊಳಗೆ ಎಳೆಯಬೇಡಿ.) ಕಳೆದ ಸಲ ಚೀಟಿ ಎತ್ತಿ ಡ್ರಾ ಮಾಡಿದೆವು. ಟೂರ್ನಿಯ ಅತ್ಯಂತ ಬಲಿಷ್ಠ ಎರಡು ತಂಡಗಳು ಮೊದಲ ಸುತ್ತಿನಲ್ಲೇ ಎದುರುಬದುರಾದವು. ಸೋತವರು ಮಧ್ಯಾಹ್ನದೊಳಗೆ ಜೀಪು ಹತ್ತಿದರು. ಈ ಸಲದ ಸಭೆಯಲ್ಲಿ ಒಂದು ಗುಂಪು, ಹೋದ ವರ್ಷದ ಸೆಮಿಫೈನಲ್ ತಂಡಗಳಿಗೆ ನೇರವಾಗಿ ಕ್ವಾರ್ಟರ್ ಫೈನಲ್ ಕೊಡಿ ಎಂದು ಪಟ್ಟು ಹಿಡಿದಿದೆ. ಇನ್ನೊಂದು ಗುಂಪು ಚೀಟಿಯೇ ಇರಲಿ ಎನ್ನುತ್ತಿದೆ. ಮಾತು ಮೀರಿ ಸಭೆ ಅರ್ಧಕ್ಕೇ ನಿಂತಿತು.

ರ‍್ಯಾಂಕಿಂಗ್ ಎಂಬುದನ್ನು ಇಡೀ ದೇಶದ ಮಟ್ಟದಲ್ಲಿ ಬಹಳ ಕಾಲದಿಂದ ನಡೆಸಿಕೊಂಡು ಬಂದವರು ಈ ಜಗಳವನ್ನು ಹೇಗೆ ಬಗೆಹರಿಸಿಕೊಂಡರು? ತಿಳಿದವರು ವಿವರವಾಗಿ ಬರೆಯಿರಿ.

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ಕೆಲಸದ ಮೇಲೆ ಕೆನಡಾದ ಮ್ಯಾನಿಟೋಬಾದಲ್ಲಿ ಇದ್ದಾಗ ಚಳಿಗಾಲದ ಸಂಜೆಗಳನ್ನು ಅಲ್ಲಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಕಳೆದವಳು ನಾನು. ತಿಳಿದಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಆಡಳಿತದಿಂದ ಆರಂಭಿಸೋಣ. ಆಟ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. 1838ರಲ್ಲಿ ಅಲ್ಲಿ ಸ್ಥಾಪನೆಯಾದ ಕ್ಯಾಲೆಡೋನಿಯನ್ ಕ್ಲಬ್ ಆಟದ ನಿಯಮಗಳನ್ನು ಒಂದು ಕಡೆ ತಂದಿತು. ಈಗ ವಿಶ್ವಮಟ್ಟದಲ್ಲಿ ವಿಶ್ವ ಕರ್ಲಿಂಗ್ ಫೆಡರೇಷನ್ ಇದೆ, ಅದರ ಕಚೇರಿ ಸ್ಕಾಟ್ಲೆಂಡಿನ ಪರ್ತ್‌ನಲ್ಲಿ. ಕೆನಡಾದ ರಾಷ್ಟ್ರೀಯ ಸಂಸ್ಥೆ ಕರ್ಲಿಂಗ್ ಕೆನಡಾ. ಅದರ ಕೆಳಗೆ 14 ಸದಸ್ಯ ಸಂಸ್ಥೆಗಳು: ಹತ್ತು ಪ್ರಾಂತ್ಯಗಳು, ಮೂರು ಟೆರಿಟರಿಗಳು (ಪ್ರಾಂತ್ಯದ ದರ್ಜೆಯಿಲ್ಲದ ಉತ್ತರದ ಪ್ರದೇಶಗಳು), ಜೊತೆಗೆ ಉತ್ತರ ಒಂಟಾರಿಯೊ. ಅವುಗಳ ಕೆಳಗೆ ಊರೂರಿನ ಕ್ಲಬ್ಬುಗಳು.

ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಹೆಸರು ಬ್ರಯರ್. 1927ರಲ್ಲಿ ಟೊರಾಂಟೊದಲ್ಲಿ ಮೊದಲ ಸಲ ನಡೆಯಿತು. ಮಹಿಳೆಯರದು ಸ್ಕಾಟೀಸ್, ಈ ಹೆಸರಿನ ಪ್ರಾಯೋಜಕತ್ವದಲ್ಲಿ 1982ರಿಂದ ನಡೆಯುತ್ತಿದೆ. ಇತ್ತೀಚಿನ ವರ್ಷಗಳ ಮಾದರಿಯಲ್ಲಿ ಎರಡರಲ್ಲೂ 18 ತಂಡಗಳು, ತಲಾ ಒಂಬತ್ತರ ಎರಡು ಗುಂಪು. ನಿಮ್ಮ ಪ್ರಶ್ನೆಗೆ ಬೇಕಾದದ್ದು ಈ 18ರ ಲೆಕ್ಕ. 14 ಸ್ಥಾನಗಳು ಸದಸ್ಯ ಸಂಸ್ಥೆಗಳಿಗೆ: ಪ್ರಾಂತ್ಯದ ಚಾಂಪಿಯನ್‌ಷಿಪ್ ಗೆದ್ದವರು ಬರುತ್ತಾರೆ, ಅವರ ರ‍್ಯಾಂಕಿಂಗ್ ಎಷ್ಟೆಂದು ಯಾರೂ ಕೇಳುವುದಿಲ್ಲ. ಒಂದು ಸ್ಥಾನ ಹಿಂದಿನ ವರ್ಷದ ಚಾಂಪಿಯನ್‌ಗೆ, ಅವರು ಟೀಮ್ ಕೆನಡಾ ಎಂಬ ಹೆಸರಿನಲ್ಲಿ ಆಡುತ್ತಾರೆ. ಉಳಿದ ಮೂರು ಸ್ಥಾನ ಮಾತ್ರ ರಾಷ್ಟ್ರೀಯ ರ‍್ಯಾಂಕಿಂಗ್ ಪಟ್ಟಿಯ ಆಧಾರದಲ್ಲಿ ತುಂಬುತ್ತವೆ. ಆ ಪಟ್ಟಿಯನ್ನು ಸಿಟಿಆರ್‌ಎಸ್ ಎನ್ನುತ್ತಾರೆ, ಕೆನಡಿಯನ್ ಟೀಮ್ ರ‍್ಯಾಂಕಿಂಗ್ ಸಿಸ್ಟಮ್.

ಒಲಿಂಪಿಕ್ಸ್ ಟ್ರಯಲ್ಸ್ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಪ್ರಾಂತ್ಯದ ಲೆಕ್ಕವೇ ಇಲ್ಲ. ದೊಡ್ಡ ಟೂರ್ನಿಗಳ ಗೆಲುವು, ರ‍್ಯಾಂಕಿಂಗ್, ಪ್ರೀ ಟ್ರಯಲ್ಸ್, ಇಷ್ಟೇ. ಒಂದೇ ಪ್ರಾಂತ್ಯದಿಂದ ನಾಲ್ಕು ತಂಡ ಬಂದರೂ ಯಾರೂ ಆಕ್ಷೇಪಿಸುವುದಿಲ್ಲ.

ನಾಪೋಕ್ಲು ತೋಟದಿಂದ

ಹಾಗಾದರೆ ರ‍್ಯಾಂಕಿಂಗ್ ಇಟ್ಟುಕೊಂಡೂ ಅದನ್ನು ಮೂರೇ ಸ್ಥಾನಕ್ಕೆ ಬಳಸುತ್ತಾರೆ. ದೇಶದ ಮೊದಲ 18 ತಂಡಗಳನ್ನೇ ಕರೆದರೆ ಆಟದ ಮಟ್ಟ ಏರುತ್ತದಲ್ಲವೇ? ಏಕೆ ಹಾಗೆ ಮಾಡಿಲ್ಲ?

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ಆ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟು ನೋಡಿ ಹಿಂದೆ ಬಂದವರು ಅವರು. ಮೊದಲು ಯೂಕಾನ್ ಮತ್ತು ವಾಯವ್ಯ ಟೆರಿಟರಿ ಎರಡೂ ಸೇರಿ ಒಂದೇ ತಂಡ ಕಳುಹಿಸುತ್ತಿದ್ದವು. 2015ರಲ್ಲಿ ಅವುಗಳನ್ನು ಬೇರೆ ಮಾಡಿದರು, ಆದರೆ ಮುಖ್ಯ ಡ್ರಾ ದೊಡ್ಡದಾಗಲಿಲ್ಲ. ಹಿಂದಿನ ಫಲಿತಾಂಶದಲ್ಲಿ ಕೊನೆಗೆ ಬಿದ್ದ ಸಂಸ್ಥೆಗಳ ತಂಡಗಳು ಮುಖ್ಯ ಟೂರ್ನಿಗೆ ಮುಂಚೆ ತಮ್ಮೊಳಗೇ ಅರ್ಹತಾ ಪಂದ್ಯ ಆಡಬೇಕಾಯಿತು. ಗೆದ್ದ ಒಬ್ಬರು ಒಳಗೆ, ಉಳಿದವರು ಮನೆಗೆ. ತಮ್ಮ ಪ್ರಾಂತ್ಯದಲ್ಲಿ ಗೆದ್ದು, ಸಾವಿರಾರು ಕಿಲೊಮೀಟರ್ ಪ್ರಯಾಣ ಮಾಡಿ ಬಂದು, ಟೂರ್ನಿ ಉದ್ಘಾಟನೆಯಾಗುವ ಹೊತ್ತಿಗೆ ಗಂಟುಮೂಟೆ ಕಟ್ಟುವುದು ಯಾರಿಗೆ ಸಹನೆಯಾದೀತು? ಅಭಿಮಾನಿಗಳೂ ಆಟಗಾರರೂ ವಿರೋಧಿಸಿದರು. 2018ರಲ್ಲಿ ಆ ಪದ್ಧತಿ ಕೈಬಿಟ್ಟು, 14 ಸಂಸ್ಥೆಗಳಿಗೂ ನೇರ ಪ್ರವೇಶ ಕೊಟ್ಟು, ಗುಂಪುಗಳಾಗಿ ಒಡೆದರು.

2021ರ ಜನಗಣತಿಯಂತೆ ನುನಾವುಟ್ ಟೆರಿಟರಿಯ ಜನಸಂಖ್ಯೆ 37 ಸಾವಿರಕ್ಕೂ ಕಡಿಮೆ. ಒಂಟಾರಿಯೊದಲ್ಲಿ 1 ಕೋಟಿ 42 ಲಕ್ಷ ಜನ. ಬ್ರಯರ್‌ನಲ್ಲಿ ನುನಾವುಟ್‌ಗೂ ಒಂದು ಸ್ಥಾನ ಖಚಿತ. ಸೋತರೂ ಆ ಹುಡುಗರು ದೇಶದ ಅತ್ಯುತ್ತಮ ತಂಡದ ಎದುರು ಒಂದು ಇಡೀ ಪಂದ್ಯ ಆಡಿ ಹೋಗುತ್ತಾರೆ. ಆ ಪಂದ್ಯವನ್ನು ನೋಡಿದ ಮಕ್ಕಳು ಮರುದಿನ ಕ್ಲಬ್ಬಿಗೆ ಬರುತ್ತಾರೆ. ನಾನಿದ್ದ ಕ್ಲಬ್ಬಿನ ಹಿರಿಯರಿಗೆ ಈ ವಿಷಯದಲ್ಲಿ ಸಂದೇಹವೇ ಇರಲಿಲ್ಲ.

ಕುಶಾಲನಗರದ ವಕೀಲೆ

ಉತ್ತರ ಒಂಟಾರಿಯೊ ಎಂದಿರಲ್ಲ, ಅಲ್ಲಿಗೆ ನನ್ನ ಕಣ್ಣು ನಿಂತಿತು. ಅದು ಪ್ರಾಂತ್ಯವಲ್ಲ, ಒಂಟಾರಿಯೊ ಪ್ರಾಂತ್ಯದ ಒಂದು ಭಾಗ. ಆದರೂ ಅದಕ್ಕೆ ಪ್ರತ್ಯೇಕ ಸ್ಥಾನ. ರಾಜ್ಯದ ಗಡಿಯೊಳಗೇ ಇದ್ದು ತನ್ನದೇ ಆಟದ ಇತಿಹಾಸ ಇರುವ ಪ್ರದೇಶವನ್ನು ಆ ರಾಷ್ಟ್ರೀಯ ಸಂಸ್ಥೆ ಹಾಗೆ ಗುರುತಿಸಿದೆ.

ಕೊಡಗು 1956ರ ನವೆಂಬರ್ 1ರವರೆಗೆ ತನ್ನದೇ ವಿಧಾನಸಭೆ ಇದ್ದ ರಾಜ್ಯವಾಗಿತ್ತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್, ವಿ.ಆರ್. ರಘುನಾಥ್: ಇಷ್ಟು ಚಿಕ್ಕ ಜಾಗದಿಂದ ಇಷ್ಟು ಮಂದಿ. ಆಟದ ಭೂಪಟವನ್ನು ಆಡಳಿತದ ಭೂಪಟದಿಂದ ಬೇರೆಯಾಗಿ ಬರೆಯಬಹುದು ಎಂಬುದಕ್ಕೆ ಉತ್ತರ ಒಂಟಾರಿಯೊ ಒಳ್ಳೆಯ ಪೂರ್ವನಿದರ್ಶನ.

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ನಿಮ್ಮ ವಾದಕ್ಕೆ ಬಲ ಕೊಡುವ ಸಂಗತಿ ಇದೆ. ಬ್ರಾಡ್ ಜೇಕಬ್ಸ್ ತಂಡ ಉತ್ತರ ಒಂಟಾರಿಯೊದ ಸೂ ಸೇಂಟ್ ಮರಿಯಿಂದ ಬಂದು 2013ರಲ್ಲಿ ಬ್ರಯರ್ ಗೆದ್ದಿತು, 2014ರಲ್ಲಿ ಸೋಚಿಯಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದಿತು. ಆದರೆ ಮಹಿಳೆಯರ ಟೂರ್ನಿಯಲ್ಲಿ ಇದೇ ಉತ್ತರ ಒಂಟಾರಿಯೊಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2015ರಲ್ಲಿ. ಗಂಡಸರಿಗೆ ಎಷ್ಟೋ ದಶಕ ಮೊದಲೇ ಇತ್ತು. ಇದನ್ನೂ ಹೇಳಬೇಕು.

ಸೋಮವಾರಪೇಟೆ ಫಾರ್ವರ್ಡ್

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಇನ್ನೊಂದು ಕಡೆಯನ್ನೂ ನೋಡಿ. ಆಲ್ಬರ್ಟಾ, ಮ್ಯಾನಿಟೋಬಾಗಳಲ್ಲಿ ದೇಶದ ಮೊದಲ ಹತ್ತರೊಳಗಿನ ತಂಡಗಳು ಹಲವು ಇರುತ್ತವೆ ಎಂದು ಓದಿದ್ದೇನೆ. ಅವುಗಳಲ್ಲಿ ಒಂದೇ ತಂಡ ಪ್ರಾಂತ್ಯದಿಂದ ಬರಬೇಕು. ಉಳಿದವರ ಪಾಡೇನು? ಹದಿನೈದನೆಯ ತಂಡಕ್ಕಿಂತ ಎಷ್ಟೋ ಚೆನ್ನಾಗಿ ಆಡುವವನು ತಪ್ಪು ಪ್ರಾಂತ್ಯದಲ್ಲಿ ಹುಟ್ಟಿದ್ದಕ್ಕೆ ಮನೆಯಲ್ಲಿ ಕೂರಬೇಕೇ? ಅಂಕಣದಲ್ಲಿ ಗೆದ್ದದ್ದಕ್ಕೆ ಬೆಲೆ ಇಲ್ಲವೆಂದರೆ ಅಂಕಪಟ್ಟಿ ಏಕೆ ಬೇಕು?

ನಾನು ಹೋದ ಸಲದ ಆ ಮೊದಲ ಸುತ್ತಿನ ಪಂದ್ಯದಲ್ಲಿ ಸೋತ ತಂಡದವನು. ವರ್ಷವಿಡೀ ಬೆಳಿಗ್ಗೆ ಎದ್ದು ಟರ್ಫ್‌ಗೆ ಹೋಗಿ ಅಭ್ಯಾಸ ಮಾಡಿದವರು ನಾವು. ಅಂಥ ತಂಡದ ಹಣೆಬರಹ ಒಂದು ಚೀಟಿಯಲ್ಲಿ ತೀರ್ಮಾನವಾಗುವುದನ್ನು ನಾನು ನ್ಯಾಯವೆಂದು ಒಪ್ಪುವುದಿಲ್ಲ.

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ನಿಮ್ಮ ಕೋಪ ಸರಿಯಾದದ್ದೇ. ಆ ಮೂರು ಸ್ಥಾನಗಳು ಹುಟ್ಟಿದ್ದೇ ಅದರಿಂದ. 2018ರಲ್ಲಿ ವೈಲ್ಡ್ ಕಾರ್ಡ್ ಎಂದು ಒಂದು ಸ್ಥಾನದಿಂದ ಆರಂಭಿಸಿದರು. ಮೊದಲ ವರ್ಷವೇ ಸ್ಕಾಟೀಸ್ ಫೈನಲ್‌ನಲ್ಲಿ ಮ್ಯಾನಿಟೋಬಾ ಚಾಂಪಿಯನ್ ಜೆನಿಫರ್ ಜೋನ್ಸ್ ಎದುರು ಆಡಿದ್ದು ವೈಲ್ಡ್ ಕಾರ್ಡ್‌ನಲ್ಲಿ ಬಂದ ಕೆರಿ ಐನಾರ್ಸನ್ ತಂಡ. ಅವರೂ ಮ್ಯಾನಿಟೋಬಾದವರೇ. ಹಳೆಯ ನಿಯಮವಿದ್ದರೆ ದೇಶದ ಎರಡನೆಯ ತಂಡ ಟಿವಿಯಲ್ಲಿ ಪಂದ್ಯ ನೋಡುತ್ತಿತ್ತು. 2022ರ ಬ್ರಯರ್ ಗೆದ್ದ ಬ್ರಾಡ್ ಗುಶೂ ತಂಡವೂ ಒಳಗೆ ಬಂದದ್ದು ವೈಲ್ಡ್ ಕಾರ್ಡ್ ಆಗಿಯೇ.

ಕೆನಡಾದವರು ಮಾಡಿದ್ದು ಇಷ್ಟು: ಚಿಕ್ಕವರ ಸ್ಥಾನ ಕಿತ್ತುಕೊಳ್ಳದೆ ಬಲಿಷ್ಠರಿಗೆ ಬೇರೆ ಬಾಗಿಲು ತೆರೆದರು.

ಪೊನ್ನಂಪೇಟೆ ಗೋಲ್‌ಕೀಪರ್

ಬಾಗಿಲ ವಿಷಯ ಅರ್ಥವಾಯಿತು. ಅಂಕ ಹೇಗೆ ಲೆಕ್ಕ ಹಾಕುತ್ತಾರೆ? ಹಾಕಿಯಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ 2020ರಿಂದ ಪಂದ್ಯ ಆಧಾರಿತ ಪದ್ಧತಿಗೆ ಬದಲಾಯಿತು. ಎರಡು ತಂಡ ಆಡಿದಾಗ ಒಬ್ಬರಿಂದ ಇನ್ನೊಬ್ಬರಿಗೆ ಅಂಕ ವರ್ಗವಾಗುತ್ತದೆ. ನಿಮಗಿಂತ ಮೇಲಿನವರನ್ನು ಸೋಲಿಸಿದರೆ ಹೆಚ್ಚು, ಕೆಳಗಿನವರನ್ನು ಸೋಲಿಸಿದರೆ ಕಡಿಮೆ. ಕರ್ಲಿಂಗ್‌ನಲ್ಲೂ ಹೀಗೆಯೇ?

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ಇಲ್ಲ, ಅಲ್ಲಿ ಲೆಕ್ಕದ ಘಟಕ ಟೂರ್ನಿ. ಪ್ರತಿ ಟೂರ್ನಿಗೂ ಅದರಲ್ಲಿ ಭಾಗವಹಿಸುವ ತಂಡಗಳ ಬಲವನ್ನು ನೋಡಿ ಒಂದು ತೂಕ ಕಟ್ಟುತ್ತಾರೆ. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ತಂಡಗಳು ಹೆಚ್ಚು ಬಂದಷ್ಟೂ ಟೂರ್ನಿಯ ತೂಕ ಏರುತ್ತದೆ. ಆಮೇಲೆ ನೀವು ಎಷ್ಟನೆಯ ಸ್ಥಾನದಲ್ಲಿ ಮುಗಿಸಿದಿರಿ ಎಂಬುದನ್ನು ಆ ತೂಕದಿಂದ ಗುಣಿಸುತ್ತಾರೆ. ಆದ್ದರಿಂದ ಗ್ರಾಂಡ್ ಸ್ಲಾಮ್ ಎಂಬ ದೊಡ್ಡ ಸರಣಿಯ ಟೂರ್ನಿಯೊಂದರ ಕ್ವಾರ್ಟರ್ ಫೈನಲ್ ತಲುಪಿದವರಿಗೆ ಊರಿನ ಚಿಕ್ಕ ಟೂರ್ನಿ ಗೆದ್ದವರಿಗಿಂತ ಹೆಚ್ಚು ಅಂಕ ಸಿಗಬಹುದು.

ಇದರಲ್ಲಿ ಒಂದು ಗುಣವಿದೆ. ದುರ್ಬಲರನ್ನು ಹುಡುಕಿ ಹುಡುಕಿ ಸೋಲಿಸಿ ಅಂಕ ಕೂಡಿಹಾಕುವುದು ಸಾಧ್ಯವಿಲ್ಲ. ಒಂದು ದೋಷವೂ ಇದೆ. ಅಂಕ ಬೇಕೆಂದರೆ ಬಲಿಷ್ಠರು ಆಡುವ ಕಡೆಗೆ ಹೋಗಬೇಕು. ಅಲ್ಲಿಗೆ ವಿಮಾನದ ಖರ್ಚು, ಹೋಟೆಲ್, ಕೆಲಸಕ್ಕೆ ರಜೆ. ಮೇಲಿರುವವರು ಮೇಲೇ ಉಳಿಯಲು ದಾರಿ ಸುಲಭ, ಕೆಳಗಿನಿಂದ ಹತ್ತುವವರಿಗೆ ಕಡಿದು. ದೇಶದ ಪೂರ್ವದ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದಿಂದ ಬಂದ ಗುಶೂ ಸ್ಕಿಪ್ (ತಂಡದ ನಾಯಕ) ಆಗಿ ಆರು ಬ್ರಯರ್ ಗೆದ್ದು ದಾಖಲೆ ಮಾಡಿದರು ಎಂಬುದು ನಿಜ. ಆ ಪ್ರಯಾಣಗಳಿಗೆಲ್ಲ ಹಣ ಹೊಂದಿಸಲಾಗದೆ ನಿಲ್ಲಿಸಿದ ತಂಡಗಳನ್ನೂ ನಾನು ಹತ್ತಿರದಿಂದ ನೋಡಿದ್ದೇನೆ.

ಇನ್ನೊಂದು ಗಮನಿಸಿ: ದೇಶಗಳ ರ‍್ಯಾಂಕಿಂಗ್ ಬೇರೆ, ತಂಡಗಳ ರ‍್ಯಾಂಕಿಂಗ್ ಬೇರೆ. ಒಲಿಂಪಿಕ್ಸ್‌ನಲ್ಲಿ ಹತ್ತು ತಂಡ ಆಡುತ್ತವೆ. ಹಿಂದಿನ ಎರಡು ವಿಶ್ವ ಚಾಂಪಿಯನ್‌ಷಿಪ್‌ಗಳ ಅಂಕದಿಂದ ಮತ್ತು ಕೊನೆಯ ಅರ್ಹತಾ ಟೂರ್ನಿಯಿಂದ ಆ ಸ್ಥಾನ ಗಳಿಸುವುದು ದೇಶ. ಅದರಲ್ಲಿ ಯಾವ ತಂಡ ಹೋಗಬೇಕೆಂಬುದು ರಾಷ್ಟ್ರೀಯ ಸಂಸ್ಥೆಯ ತೀರ್ಮಾನ.

ಶನಿವಾರಸಂತೆಯ ಪಿ.ಟಿ. ಮೇಷ್ಟ್ರು

ಖರ್ಚಿನ ಮಾತು ನಮ್ಮಲ್ಲಿಗೂ ಸರಿಯಾಗಿ ಹೊಂದುತ್ತದೆ. ನನ್ನ ಶಾಲೆಯ ಮಕ್ಕಳಲ್ಲಿ ತೋಟದ ಲೈನ್ ಮನೆಯವರೂ ಇದ್ದಾರೆ. ಕುಶಾಲನಗರದಲ್ಲಿ ಪಂದ್ಯವೆಂದರೆ ಬರುತ್ತಾರೆ, ಬೆಂಗಳೂರಿನಲ್ಲಿ ಎಂದರೆ ಅರ್ಧ ತಂಡ ಇರುವುದಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಂತೂ ದೊಡ್ಡ ಹುಡುಗರು ಮೈದಾನಕ್ಕೇ ಬರುವುದಿಲ್ಲ. ಎಷ್ಟು ಟೂರ್ನಿ ಆಡಿದಿರಿ ಎಂಬುದರ ಮೇಲೆ ಅಂಕ ನಿಂತರೆ ಅದು ಆಟವನ್ನಲ್ಲ, ಜೇಬನ್ನು ಅಳೆಯುತ್ತದೆ. ಸೆಂಟರ್ ಹಾಫ್ ಅವರೇ, ನಿಮ್ಮ ಲೆಕ್ಕದಲ್ಲಿ ಇದಕ್ಕೆ ಏನಾದರೂ ದಾರಿ ಮಾಡಿ.

ನನ್ನ ಪ್ರಶ್ನೆ: ಕರ್ಲಿಂಗ್‌ನಲ್ಲಿ ನಾಲ್ವರು ಬೇರೆಯಾದರೆ ಅಂಕ ಯಾರಿಗೆ ಹೋಗುತ್ತದೆ? ನಮ್ಮ ಕ್ಲಬ್ಬುಗಳಲ್ಲಿ ಪ್ರತಿ ಸಲ ಅರ್ಧ ಆಟಗಾರರು ಬದಲಾಗುತ್ತಾರೆ.

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ನಾಲ್ವರಲ್ಲಿ ಮೂವರು ಉಳಿದರೆ ತಂಡ ಉಳಿದಂತೆ, ಅಂಕವೂ ಉಳಿಯುತ್ತದೆ. ಇಬ್ಬರು ಹೋದರೆ ಹೊಸ ತಂಡವೆಂದೇ ಲೆಕ್ಕ. ಕ್ಲಬ್ಬಿಗೂ ಅಂಕ ಇಲ್ಲ, ಸ್ಕಿಪ್ ಒಬ್ಬನಿಗೂ ಇಲ್ಲ. ಒಲಿಂಪಿಕ್ಸ್ ಮುಗಿದ ವಸಂತದಲ್ಲಿ ಅಲ್ಲಿ ತಂಡಗಳು ಒಡೆದು ಹೊಸದಾಗಿ ಕೂಡುವುದು ರೂಢಿ. ಮುಂದಿನ ನಾಲ್ಕು ವರ್ಷಕ್ಕೆ ಯಾರು ಯಾರ ಜೊತೆ ಎಂಬುದೇ ಆಗಿನ ಮುಖ್ಯ ಸುದ್ದಿ. ಆಟಗಾರ ತನ್ನ ಪ್ರಾಂತ್ಯದಲ್ಲೇ ವಾಸವಿರಬೇಕೆಂಬ ನಿಯಮವೂ ಇದೆ. ಹುಟ್ಟಿದ ಪ್ರಾಂತ್ಯದ ಹಕ್ಕು, ಹೊರಗಿನ ಆಟಗಾರನಿಗೆ ಅವಕಾಶ ಎಂದು ಅದನ್ನು ವರ್ಷದಿಂದ ವರ್ಷಕ್ಕೆ ಸಡಿಲಿಸುತ್ತಾ ಬಂದಿದ್ದಾರೆ. ಆ ವಿಷಯದಲ್ಲಿ ಅವರಲ್ಲೂ ಜಗಳ ತೀರಿಲ್ಲ.

ಕುಶಾಲನಗರದ ವಕೀಲೆ

ಸೂತ್ರದ ಬಗ್ಗೆ ಇಷ್ಟು ಮಾತನಾಡಿದೆವು. ಸೂತ್ರ ಬರೆಯುವವರು ಯಾರು, ಅವರನ್ನು ಪ್ರಶ್ನಿಸುವವರು ಯಾರು ಎಂಬುದನ್ನು ಯಾರೂ ಕೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದು.

ನಮ್ಮ ಹಾಕಿಯ ಕಥೆಯನ್ನೇ ನೋಡಿ. 1925ರಲ್ಲಿ ಹುಟ್ಟಿದ ಭಾರತೀಯ ಹಾಕಿ ಫೆಡರೇಷನ್ ಅನ್ನು 2008ರಲ್ಲಿ ಅಮಾನತು ಮಾಡಲಾಯಿತು. ಅದೇ ವರ್ಷ ನಮ್ಮ ಪುರುಷರ ತಂಡ 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲಿಲ್ಲ. 2009ರಲ್ಲಿ ಹಾಕಿ ಇಂಡಿಯಾ ಬಂತು. 2022ರಲ್ಲಿ ಅದರ ಮೇಲೂ ದೆಹಲಿ ಹೈಕೋರ್ಟ್ ಆಡಳಿತಗಾರರ ಸಮಿತಿಯನ್ನು ಕೂರಿಸಿತು; ಬಳಿಕ ನಡೆದ ಚುನಾವಣೆಯಲ್ಲಿ ಮಾಜಿ ನಾಯಕ ದಿಲೀಪ್ ಟಿರ್ಕಿ ಅಧ್ಯಕ್ಷರಾದರು. 2025ರಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ರಾಷ್ಟ್ರೀಯ ಕ್ರೀಡಾ ಮಂಡಳಿ, ವಿವಾದಗಳಿಗೆ ಕ್ರೀಡಾ ನ್ಯಾಯಮಂಡಳಿ, ಫೆಡರೇಷನ್‌ಗಳ ಕಾರ್ಯಕಾರಿ ಸಮಿತಿಯಲ್ಲಿ ಸಾಧಕ ಕ್ರೀಡಾಪಟುಗಳಿಗೆ ಸ್ಥಾನ ಎಲ್ಲವೂ ಅದರಲ್ಲಿದೆ. ಆಟಗಾರರ ಮಾತು ಸಮಿತಿಯೊಳಗೆ ಕೇಳಬೇಕು ಎಂಬುದನ್ನು ಕಾನೂನಿನಲ್ಲಿ ಬರೆಯಲು ಇಷ್ಟು ವರ್ಷ ಹಿಡಿಯಿತು.

ಕೆನಡಾದಲ್ಲಿ ಆಟಗಾರರು ಎಂದಾದರೂ ಸಂಸ್ಥೆಯ ವಿರುದ್ಧ ನಿಂತಿದ್ದಾರೆಯೇ?

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ನಿಂತಿದ್ದಾರೆ, ಅದೂ ಬ್ರಯರ್ ಅನ್ನೇ ಬಹಿಷ್ಕರಿಸಿ. 2001ರಲ್ಲಿ ದೇಶದ ಪ್ರಮುಖ ಪುರುಷರ ತಂಡಗಳು ಒಟ್ಟಾದವು. ಬ್ರಯರ್‌ನಲ್ಲಿ ಬಹುಮಾನದ ಹಣವಿಲ್ಲ, ಅಂಗಿಯ ಮೇಲೆ ತಮ್ಮ ಪ್ರಾಯೋಜಕರ ಹೆಸರು ಹಾಕಲು ಬಿಡುವುದಿಲ್ಲ, ಟಿಕೆಟ್‌ನಿಂದಲೂ ಟಿವಿಯಿಂದಲೂ ಸಂಸ್ಥೆಗೆ ಹಣ ಬರುತ್ತದೆ, ಆಡುವವರಿಗೆ ಏನೂ ಇಲ್ಲ ಎಂಬುದು ಅವರ ದೂರು. ಅವರು ಪ್ರಾಂತ್ಯದ ಅರ್ಹತಾ ಪಂದ್ಯಗಳಿಗೇ ಹೋಗದೆ ಗ್ರಾಂಡ್ ಸ್ಲಾಮ್ ಎಂಬ ಹೊಸ ಸರಣಿಯಲ್ಲಿ ಆಡಿದರು. 2003ರಲ್ಲಿ ರಾಜಿಯಾಯಿತು, ಹಣ ಮತ್ತು ಪ್ರಾಯೋಜಕತ್ವದ ನಿಯಮ ಬದಲಾಯಿತು. ಆ ಗ್ರಾಂಡ್ ಸ್ಲಾಮ್ ಇಂದಿಗೂ ನಡೆಯುತ್ತಿದೆ, ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿಲ್ಲ. 2024ರಲ್ಲಿ ಅದನ್ನು ಒಂದು ಖಾಸಗಿ ಕಂಪನಿ ಕೊಂಡಿತು. ಅಂದರೆ ರ‍್ಯಾಂಕಿಂಗ್ ಅಂಕಗಳ ದೊಡ್ಡ ಪಾಲು ಹುಟ್ಟುವುದು ಸಂಸ್ಥೆಯದಲ್ಲದ ಟೂರ್ನಿಗಳಲ್ಲಿ.

2015ರ ಬ್ರಷ್ ವಿವಾದ ಇನ್ನೂ ಚೆನ್ನಾದ ಉದಾಹರಣೆ. ಹೊಸ ಬಗೆಯ ಬಟ್ಟೆಯ ಬ್ರಷ್‌ಗಳು ಬಂದವು. ಅವುಗಳಿಂದ ಉಜ್ಜಿದರೆ ಕಲ್ಲನ್ನು ಬೇಕಾದ ಕಡೆಗೆ ತಿರುಗಿಸಬಹುದಿತ್ತು. ಎಸೆದವನ ಕೌಶಲಕ್ಕಿಂತ ಬ್ರಷ್ ಮೇಲಾಯಿತು. ಮೊದಲು ಎಚ್ಚೆತ್ತವರು ಆಟಗಾರರು: ಅಂಥ ಬ್ರಷ್ ಬಳಸುವುದಿಲ್ಲವೆಂದು ಹಲವು ಪ್ರಮುಖ ತಂಡಗಳು ತಾವೇ ಬರೆದು ಸಹಿ ಹಾಕಿದವು. ವಿಶ್ವ ಫೆಡರೇಷನ್ ತಾತ್ಕಾಲಿಕ ನಿಯಮ ತಂದಿತು. 2016ರಲ್ಲಿ ಒಂಟಾರಿಯೊದ ಕೆಂಪ್ಟ್‌ವಿಲ್‌ನಲ್ಲಿ ವಿಜ್ಞಾನಿಗಳನ್ನೂ ಆಟಗಾರರನ್ನೂ ಸೇರಿಸಿ ಮಂಜುಗಡ್ಡೆಯ ಮೇಲೆ ಪರೀಕ್ಷೆ ಮಾಡಿ, ಒಪ್ಪಿತ ಬಟ್ಟೆ ಯಾವುದೆಂದು ನಿಗದಿ ಮಾಡಿದರು. ಕಲ್ಲಿಗೆ ಕಾಲು ತಾಗಿದರೆ ಆಟಗಾರನೇ ಹೇಳಿ ಒಪ್ಪಿಕೊಳ್ಳುವ ಆಟ ಅದು. ಅಂಥ ಆಟದಲ್ಲಿ ಈ ಸಹಿಗಳಿಗೆ ಬೆಲೆ ಇತ್ತು.

ನಾಪೋಕ್ಲು ತೋಟದಿಂದ

ಆಯ್ಕೆ ಸಮಿತಿ ಇಲ್ಲದೆ ನಡೆಯುವುದು ಎಲ್ಲ ದೇಶಗಳಲ್ಲೂ ಹೀಗೆಯೇ?

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ಇಲ್ಲ. ಬ್ರಿಟನ್‌ನಲ್ಲಿ ಒಲಿಂಪಿಕ್ಸ್ ತಂಡವನ್ನು ಆಯ್ಕೆಗಾರರೇ ನಿರ್ಧರಿಸುತ್ತಾರೆ. ಸ್ಕಾಟ್ಲೆಂಡ್, ಇಂಗ್ಲೆಂಡ್, ವೇಲ್ಸ್ ವಿಶ್ವ ಕರ್ಲಿಂಗ್‌ನಲ್ಲಿ ಬೇರೆ ಬೇರೆ, ಆದರೆ ಬ್ರಿಟನ್‌ಗೆ ಒಲಿಂಪಿಕ್ಸ್ ಅರ್ಹತೆ ಗಳಿಸಿಕೊಡುವುದು ಸ್ಕಾಟ್ಲೆಂಡ್‌ನ ಫಲಿತಾಂಶ. 2022ರಲ್ಲಿ ಈವ್ ಮ್ಯೂರ್‌ಹೆಡ್ ತಂಡ ಹಾಗೆ ಹೋಗಿ ಚಿನ್ನ ತಂದಿತು, ಆದ್ದರಿಂದ ಆಯ್ಕೆ ಪದ್ಧತಿ ಕೆಟ್ಟದ್ದೆಂದು ನಾನು ಹೇಳಲಾರೆ.

ಅಮೆರಿಕದ ಕಥೆ ಬೇರೆ. 2014ರ ಸೋಚಿಯಲ್ಲಿ ಸೋತ ಮೇಲೆ ಅಲ್ಲಿನ ರಾಷ್ಟ್ರೀಯ ಸಂಸ್ಥೆ ವಿಶೇಷ ತರಬೇತಿ ಕಾರ್ಯಕ್ರಮಕ್ಕೆ ಆಟಗಾರರನ್ನು ಆರಿಸಿತು. ಜಾನ್ ಶುಸ್ಟರ್ ಅವರನ್ನು ಕೈಬಿಟ್ಟಿತು. ಅವರು ಹಾಗೆಯೇ ಹೊರಗುಳಿದ ಇತರರನ್ನು ಸೇರಿಸಿ ತಮ್ಮದೇ ತಂಡ ಕಟ್ಟಿದರು, ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದರು, ಕಾರ್ಯಕ್ರಮದೊಳಗೆ ಮರಳಿದರು, ಟ್ರಯಲ್ಸ್ ಗೆದ್ದರು. 2018ರ ಪ್ಯೊಂಗ್‌ಚಾಂಗ್ ಫೈನಲ್‌ನಲ್ಲಿ ಸ್ವೀಡನ್‌ನ ನಿಕ್ಲಾಸ್ ಎಡಿನ್ ತಂಡವನ್ನು 10–7ರಿಂದ ಸೋಲಿಸಿದರು. ಎಂಟನೆಯ ಸರದಿಯಲ್ಲಿ ಒಂದೇ ಸಲ ಐದು ಅಂಕ. ಅಮೆರಿಕಕ್ಕೆ ಕರ್ಲಿಂಗ್‌ನಲ್ಲಿ ಅದು ಮೊದಲ ಒಲಿಂಪಿಕ್ಸ್ ಚಿನ್ನ. ಸಮಿತಿ ಬೇಡವೆಂದವನಿಗೂ ಅಂಕಣದ ಮೂಲಕ ಒಳಬರುವ ಒಂದು ಬಾಗಿಲು ತೆರೆದಿತ್ತು, ಅಷ್ಟೇ. ಅದನ್ನೂ ಮುಚ್ಚಿದ್ದರೆ ಆ ಪದಕವಿಲ್ಲ.

ನಾಪೋಕ್ಲು ತೋಟದಿಂದ

ಸೆಂಟರ್ ಹಾಫ್ ಬೇಡವೆಂದರೂ ಹಬ್ಬದ ಮಾತು ಒಂದೇ ಒಂದು ಸಲ ಹೇಳುತ್ತೇನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದಾಗ 60 ಕುಟುಂಬಗಳು. 2024ರಲ್ಲಿ ನಮ್ಮ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು, ಗಿನ್ನೆಸ್ ದಾಖಲೆ. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 396. ನಿನ್ನ ಅಂಕ ಎಷ್ಟು ಎಂದು ಕೇಳಿ ಒಳಗೆ ಬಿಟ್ಟಿದ್ದರೆ ಈ ಸಂಖ್ಯೆ ಬೆಳೆಯುತ್ತಿತ್ತೇ? ಅಜ್ಜನೂ ಮೊಮ್ಮಗಳೂ ಒಂದೇ ಜೆರ್ಸಿ ಹಾಕಿ ಆಡಿದ್ದನ್ನು ಕಂಡವನು ನಾನು. ಕ್ಲಬ್ ಟೂರ್ನಿ ಬೇರೆ ಎಂಬುದು ಒಪ್ಪಿದೆ. ಆದರೆ ಪ್ರವೇಶಕ್ಕೆ ಕೈಯಿಟ್ಟರೆ ನಾನು ಸಭೆಯಲ್ಲಿ ಎದ್ದು ವಿರೋಧಿಸುತ್ತೇನೆ.

ಗೋಣಿಕೊಪ್ಪಲು ಸೆಂಟರ್ ಹಾಫ್

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡು ದಿನ ಇದನ್ನೇ ಓದಿ ಯೋಚಿಸಿ ಒಂದು ಕರಡು ಬರೆದಿದ್ದೇನೆ.

ಪ್ರವೇಶ ಎಲ್ಲ ಕ್ಲಬ್ಬಿಗೂ ಇರಲಿ, ಅದಕ್ಕೂ ಅಂಕಕ್ಕೂ ಸಂಬಂಧ ಬೇಡ. ನೇರ ಕ್ವಾರ್ಟರ್ ಫೈನಲ್ ಯಾರಿಗೂ ಇಲ್ಲ, ಎಲ್ಲರೂ ಮೊದಲ ಸುತ್ತಿನಿಂದ ಆಡಬೇಕು. ಅಂಕ ಬಳಸುವುದು ಡ್ರಾಗೆ ಮಾತ್ರ: ಮೊದಲ ನಾಲ್ಕು ತಂಡಗಳಿಗೆ ಶ್ರೇಯಾಂಕ ಕೊಟ್ಟು ಡ್ರಾದ ನಾಲ್ಕು ಭಾಗಗಳಲ್ಲಿ ಬೇರೆ ಬೇರೆಯಾಗಿ ಇಡುವುದು, ಉಳಿದವರಿಗೆ ಚೀಟಿ. ಹಾಗೆ ಮಾಡಿದರೆ ಸೋಮವಾರಪೇಟೆಯವರು ಹೋದ ಸಲ ಅನುಭವಿಸಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ.

ಅಂಕದ ಲೆಕ್ಕಕ್ಕೆ ಜಿಲ್ಲೆಯೊಳಗಿನ ಟೂರ್ನಿಗಳು ಮಾತ್ರ. ಪ್ರತಿ ತಂಡದ ಅತ್ಯುತ್ತಮ ಮೂರು ಫಲಿತಾಂಶಗಳನ್ನಷ್ಟೇ ತೆಗೆದುಕೊಂಡರೆ ಹೆಚ್ಚು ಓಡಾಡಿದವರಿಗೆ ಹೆಚ್ಚು ಅಂಕ ಎಂಬ ಮೇಷ್ಟ್ರ ಚಿಂತೆ ಕಡಿಮೆಯಾಗುತ್ತದೆ. ಹಿಂದಿನ ವರ್ಷದ ಅಂಕಕ್ಕೆ ಅರ್ಧ ಬೆಲೆ. ಹನ್ನೊಂದರಲ್ಲಿ ಏಳು ಆಟಗಾರರು ಉಳಿದಿದ್ದರೆ ಮಾತ್ರ ಹಳೆಯ ಅಂಕ ಮುಂದುವರಿಯುತ್ತದೆ. ಸೂತ್ರವನ್ನು ಟೂರ್ನಿ ಪ್ರಕಟಣೆಯ ಜೊತೆಗೇ ಅಚ್ಚು ಹಾಕಿಸುತ್ತೇವೆ, ನಡುವೆ ಬದಲಾಯಿಸುವುದಿಲ್ಲ. ಅದನ್ನು ಬರೆಯುವ ಸಮಿತಿಯಲ್ಲಿ ಆಡುತ್ತಿರುವ ಇಬ್ಬರು ನಾಯಕರು ಇರಬೇಕು. ಒಬ್ಬರು ಶ್ರೇಯಾಂಕವಿಲ್ಲದ ತಂಡದಿಂದ ಬರಬೇಕು.

ಸೋಮವಾರಪೇಟೆ ಫಾರ್ವರ್ಡ್

ನಾಲ್ಕರ ಬದಲು ಎಂಟು ಶ್ರೇಯಾಂಕ ಇರಲಿ ಎಂಬುದು ನನ್ನ ಅಭಿಪ್ರಾಯ, ಸಭೆಯಲ್ಲಿ ಹೇಳುತ್ತೇನೆ. ಉಳಿದದ್ದು ಒಪ್ಪಿಗೆ. ಅಂಕ ಸಮವಾದರೆ ಏನು ಮಾಡುತ್ತೀರಿ? ದಯವಿಟ್ಟು ನಾಣ್ಯ ಚಿಮ್ಮಬೇಡಿ.

ವಿನ್ನಿಪೆಗ್‌ನಿಂದ ವಿರಾಜಪೇಟೆಗೆ

ಕರ್ಲಿಂಗ್‌ನಲ್ಲಿ ಪಂದ್ಯಕ್ಕೆ ಮುಂಚೆ ಪ್ರತಿ ತಂಡವೂ ಗುರಿಯ ನಡುಬಿಂದುವಿಗೆ ಕಲ್ಲು ಜಾರಿಸುತ್ತದೆ, ಎಷ್ಟು ದೂರ ಉಳಿಯಿತೆಂದು ಸೆಂಟಿಮೀಟರ್‌ನಲ್ಲಿ ಅಳೆಯುತ್ತಾರೆ. ಮೊದಲ ಸರದಿಯ ಕೊನೆಯ ಕಲ್ಲಿನ ಲಾಭ ಯಾರಿಗೆಂದು ಅದೇ ನಿರ್ಧರಿಸುತ್ತದೆ. ಗುಂಪಿನಲ್ಲಿ ತಂಡಗಳು ಸಮವಾಗಿ, ತಮ್ಮೊಳಗಿನ ಫಲಿತಾಂಶದಿಂದಲೂ ಬಗೆಹರಿಯದಿದ್ದರೆ ಟೂರ್ನಿಯುದ್ದಕ್ಕೂ ಕೂಡಿಟ್ಟ ಆ ಅಳತೆಗಳನ್ನೇ ನೋಡುತ್ತಾರೆ. ಹಾಕಿಯಲ್ಲಿ ಅದಕ್ಕೆ ಸಮನಾದದ್ದು ಹುಡುಕಬೇಕು. ಪರಸ್ಪರ ಆಡಿದ ಪಂದ್ಯದ ಫಲಿತಾಂಶ ಮೊದಲು, ಆಮೇಲೆ ಕಡಿಮೆ ಹಸಿರು ಮತ್ತು ಹಳದಿ ಕಾರ್ಡ್ ಪಡೆದವರು ಮೇಲೆ ಎಂದಿಟ್ಟರೆ ಹೇಗೆ?

ಪೊನ್ನಂಪೇಟೆ ಗೋಲ್‌ಕೀಪರ್

ಕಾರ್ಡ್‌ಗಳ ದಾಖಲೆಯನ್ನು ಎಲ್ಲ ಟೂರ್ನಿಗಳೂ ಇಟ್ಟಿರುವುದಿಲ್ಲ. ಈ ವರ್ಷದಿಂದ ಸ್ಕೋರ್ ಹಾಳೆಯ ಜೊತೆ ಕಾರ್ಡ್ ಹಾಳೆಯನ್ನೂ ಕಡ್ಡಾಯ ಮಾಡಬೇಕು. ಹಾಳೆಯ ಮಾದರಿ ನಾನು ಮಾಡಿ ಕೊಡುತ್ತೇನೆ.

ಶನಿವಾರಸಂತೆಯ ಪಿ.ಟಿ. ಮೇಷ್ಟ್ರು

ಹುಡುಗಿಯರ ಟೂರ್ನಿಗೂ ಇದೇ ನಿಯಮ, ಇದೇ ವರ್ಷದಿಂದ ಎಂದು ಕರಡಿನಲ್ಲಿ ಬರೆಯಿರಿ. ಉತ್ತರ ಒಂಟಾರಿಯೊದ ಹೆಂಗಸರು ಕಾದಷ್ಟು ನಮ್ಮ ಮಕ್ಕಳು ಕಾಯುವುದು ಬೇಡ.

ಗೋಣಿಕೊಪ್ಪಲು ಸೆಂಟರ್ ಹಾಫ್

ಬರೆದೆ. ಹುಡುಗಿಯರ ತಂಡಗಳ ಹಿಂದಿನ ವರ್ಷದ ಫಲಿತಾಂಶ ಯಾರ ಬಳಿ ಇದ್ದರೂ ಶುಕ್ರವಾರದೊಳಗೆ ಕಳುಹಿಸಿ. ನಮ್ಮ ಕಡತದಲ್ಲಿ ಫೈನಲ್ ಮತ್ತು ಸೆಮಿಫೈನಲ್ ಮಾತ್ರ ಇದೆ, ಮೊದಲ ಸುತ್ತುಗಳದು ಬೇಕು.